ಸೂಜಿಯಕ್ಕ ಬಿಟ್ಟುಕೊಟ್ಟ ಹೆಸರು

ಬೆಳಗಿನ ಆರು ಗಂಟೆ. ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರಡಿ ಬಗ್ಗಿ ಕೂತವರು ಸೂಜಿಯಕ್ಕ. ಕೋಟ್ಯಂತರ ವರ್ಷಗಳಿಂದ ಕಲ್ಲಿನಲ್ಲಿ ಹುದುಗಿರುವ ಮೂಳೆಯನ್ನು ಸೂಜಿಯಿಂದ ಚೂರುಚೂರೇ ಬಿಡಿಸುವುದು ಅವರ ಕೆಲಸ. ಒಂದು ಚುಚ್ಚು, ಒಂದು ಉಫ್, ಆಮೇಲೆ ಬ್ರಷ್. "ದಿನಕ್ಕೆ ಉಗುರಗಲ ಬಿಡಿಸಿದ್ರೆ ಅದೇ ದೊಡ್ಡದು" ಎನ್ನುತ್ತಾರೆ.

ಇಪ್ಪತ್ತೆಂಟು ವರ್ಷದಿಂದ ಇದೇ ಕುರ್ಚಿ. ಕತ್ತು ಹಿಡಿದಿದೆ, ಕನ್ನಡಕ ಐದು ಸಲ ಬದಲಾಗಿದೆ. ಹೆಸರಿಡುವವರು ಮಾತ್ರ ಮಹಡಿಯ ಮೇಲಿನ ವಿಜ್ಞಾನಿಗಳು. ಅದಕ್ಕೂ ಕಟ್ಟುನಿಟ್ಟುಂಟು: ಒಂದು ಪ್ರಾಣಿಗೆ ಮೊದಲು ಅಚ್ಚಾದ ಹೆಸರೇ ಕೊನೆತನಕ. ಅರ್ಥ ತಪ್ಪೆಂದು ಗೊತ್ತಾದರೂ ಅಳಿಸುವಂತಿಲ್ಲ. ಮೂಳೆ ಸಿಕ್ಕಿದ ಜಾಗದ ಹೆಸರಿಡಬಹುದು, ದುಡಿದವರ ಹೆಸರಿಡಬಹುದು. ತನ್ನ ಹೆಸರನ್ನು ತಾನೇ ಇಟ್ಟುಕೊಂಡರೆ ಮಾತ್ರ ಎಲ್ಲರೂ ನಗುತ್ತಾರೆ.

ಈಚೆಗೆ ಹೊಸದೊಂದು ದವಡೆ ಬಂತು. ಯಾರೂ ಕಾಣದ ಪ್ರಾಣಿ ಎಂದುಕೊಂಡ ವಿಜ್ಞಾನಿ ಮೇಡಂ, "ಇದಕ್ಕೆ ನಿಮ್ಮ ಹೆಸರೇ ಇಡ್ತೀನಿ ಅಕ್ಕ" ಎಂದುಬಿಟ್ಟರು. ಸೂಜಿಯಕ್ಕನ ಬಸ್ ಓಡಿಸುವ ಗಂಡನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ನಮ್ಮನೆಯವಳ ಹೆಸರು ಪುಸ್ತಕದಲ್ಲಿ ಬರತ್ತೆ ಅಂತ ಡಿಪೋದವರಿಗೆಲ್ಲ ಟೀ ಕುಡಿಸಿಬಿಟ್ಟೆ ಕಣ್ರೀ!"

ಹದಿನಾಲ್ಕು ತಿಂಗಳು ಕೆರೆದ ಮೇಲೆ ಕೊನೆಯ ಹಲ್ಲಿನ ಕೆಳಗೆ ಸಾಲಾಗಿ ಮೂರು ತೂತು ಕಂಡವು. ಸೂಜಿಯಕ್ಕ ಸೂಜಿ ಕೆಳಗಿಟ್ಟರು. ಕೆಲಸಕ್ಕೆ ಸೇರಿದ ವರ್ಷ ಅವರೇ ಬಿಡಿಸಿದ್ದ ದವಡೆಯಲ್ಲೂ ಅಂಥವೇ ಮೂರಿದ್ದವು; ಬೇರೆ ಯಾವ ಪ್ರಾಣಿಯಲ್ಲೂ ಅವನ್ನು ಕಂಡಿರಲಿಲ್ಲ. ಆ ಪ್ರಾಣಿಗೆ ಆಗಲೇ 'ಮೊಂಡು ಹಲ್ಲಿನದು' ಎಂಬರ್ಥದ ಗ್ರೀಕ್ ಹೆಸರು ಅಚ್ಚಾಗಿತ್ತು. ಹೊಸ ದವಡೆಯ ಹಲ್ಲುಗಳೋ, ಮುಟ್ಟಿದರೆ ಬೆರಳು ಕುಯ್ಯುವಷ್ಟು ಚೂಪು. ಅಕ್ಕ ಹಳೆಯದನ್ನು ತಂದು ಭೂತಗನ್ನಡಿ ಹಿಡಿದರು. ಹಲ್ಲುಗಳ ತುದಿಯಲ್ಲಿ ಅರದಿಂದ ಉಜ್ಜಿದ ಗೀರು! ಅಂದು ತಾವೇ ಕಲ್ಲೆಂದುಕೊಂಡು ಹಲ್ಲಿನ ಮೊನೆಯನ್ನೇ ಉಜ್ಜಿ ತೆಗೆದಿದ್ದರು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಹೆಸರೂ ದಕ್ಕುತ್ತಿತ್ತು. ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಎರಡೂ ದವಡೆ ಎತ್ತಿಕೊಂಡು ಮಹಡಿ ಹತ್ತಿದರು. "ಮೇಡಂ, ಇವೆರಡೂ ಒಂದೇ ಪ್ರಾಣಿ. ಹಲ್ಲು ಮೊಂಡು ಮಾಡಿದ್ದು ನಾನು."

ಮೇಡಂ ಎರಡೂ ದವಡೆಯನ್ನು ಅಕ್ಕಪಕ್ಕ ಇಟ್ಟು ನೋಡಿದರು. ಹಳೆಯ ಹೆಸರೇ ನಿಂತಿತು.

ಬೇಜಾರಾಗಲಿಲ್ಲವೇ ಎಂದರೆ, "ಆಯ್ತಪ್ಪ, ಸುಳ್ಳ್ಯಾಕೆ ಹೇಳ್ಲಿ? ಅತ್ತೂಬಿಟ್ಟೆ" ಎನ್ನುತ್ತಾರೆ. ಆಮೇಲೆ ಕನ್ನಡಕ ಒರೆಸಿಕೊಂಡು ತಮ್ಮದೊಂದು ಆಸೆ ಹೇಳುತ್ತಾರೆ. "ಮೇಲೆ ಗೋಡೇಲಿ ಅದರ ಚಿತ್ರ ಇದೆ, ಮೊಂಡು ಹಲ್ಲಿನದಲ್ವಾ ಅಂತ ಸೊಪ್ಪು ತಿಂತಾ ನಿಂತಿರೋ ಹಾಗೆ ಬರೆದಿದ್ದಾರೆ. ನನ್ನ ದೆಸೆಯಿಂದ ಇಪ್ಪತ್ತೆಂಟು ವರ್ಷ ಸೊಪ್ಪು ತಿಂದಿದೆ, ಪಾಪ. ಹೆಸರು ಹಾಗೇ ಇರಲಿ. ಆ ಚಿತ್ರ ಒಂದು ಹೊಸದಾಗಿ ಬರೆಸಿದ್ರೆ ಸಾಕು. ಇನ್ನಾದ್ರೂ ಹೊಟ್ಟೆ ತುಂಬ ಮಾಂಸ ತಿನ್ಲಿ."