ನಿಜ್ವಾದ ಬಜಾರಿನಲ್ಲಿ ಮಹಬೂಬಿ

ಮಸ್ಕತ್ತಿನಿಂದ ನಿಜ್ವಾಕ್ಕೆ ಬಸ್ಸಿನಲ್ಲಿ ಎರಡು ತಾಸಿಗೂ ಮೇಲಿನ ಹಾದಿ, ಟಿಕೀಟು ಸುಮಾರು ಎರಡು ರಿಯಾಲು. ಶುಕ್ರವಾರ ಬೆಳಿಗ್ಗೆ ಬಸ್ಸು ಹತ್ತಿದೊಡನೆ ನನ್ನ ಗೆಳತಿ ಮಹಬೂಬಿ ಕಿಟಕಿಯ ಸೀಟು ಹಿಡಿದಳು, ನಾನು ಬಾಯಿ ತೆರೆದೆ. ಆಳಂದದ ಸಾಲೆಯಲ್ಲಿ ನೌಕರಿಯುದ್ದಕ್ಕೂ ಭೂಗೋಳ ಕಲಿಸಿದವಳು ನಾನು. ಬೋರ್ಡಿನ ಮೇಲೆ ಬರೆಯುತ್ತಿದ್ದ ಒಮಾನ್ ದೇಶ ಕಣ್ಣೆದುರಿಗೇ ಓಡುತ್ತಿರುವಾಗ ಸುಮ್ಮನೆ ಕೂರುವುದು ಹೇಗೆ?

ಮಹಬೂಬಿಗೆ ಜೇವರ್ಗಿಯಲ್ಲಿ ಹೊಲಿಗೆ ಅಂಗಡಿ ಇದೆ. ಅಫಜಲಪುರದ ಸಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಮಸ್ಕತ್ತಿನಲ್ಲಿರುವ ಅವಳ ತಮ್ಮ ನಮ್ಮನ್ನು ಕರೆಸಿಕೊಂಡಿದ್ದ. ಅಂದೇ ರಾತ್ರಿ ಊರಿಗೆ ವಿಮಾನ. “ಮಧ್ಯಾಹ್ನ ಇದೇ ಬಸ್ಸಿಗೆ ತಿರುಗಿ ಬರ್ರಿ ಅಕ್ಕಾ. ಇದು ತಪ್ಪಿತಂದ್ರ ವಿಮಾನೂ ತಪ್ಪಿತ್ರಿ,” ಎಂದು ಅವನು ಎರಡೆರಡು ಸಲ ಹೇಳಿ ಕಳಿಸಿದ್ದ.

ಹೊರಗೆ ಹುಲ್ಲುಕಡ್ಡಿಯಿಲ್ಲದ ಗುಡ್ಡಗಳು. ನೆಲದೊಳಗಿನ ಎಣ್ಣೆ ಸಿಗುವ ಮೊದಲು ಈ ದೇಶ ಖರ್ಜೂರ, ಮೀನು, ಲೋಬಾನದ ಮೇಲೆ ಬದುಕಿತ್ತು ಎಂದೆ. ಒಂದು ಕಾಲಕ್ಕೆ ಕರಾವಳಿಯಲ್ಲಿ ಸುಲ್ತಾನರು, ಒಳನಾಡಿನಲ್ಲಿ ನಿಜ್ವಾದ ಇಮಾಮರು ಆಳಿದರು ಎಂದೆ. ಈಗ ದೇಶಕ್ಕೆಲ್ಲ ಒಬ್ಬರೇ ಸುಲ್ತಾನರು, ಅವರ ಕೈಕೆಳಗೆ ಊರೂರಿಗೆ ವಾಲಿ, ನಮ್ಮ ತಹಸೀಲ್ದಾರರಿದ್ದ ಹಾಗೆ ಎಂದೆ.

“ಪರೀಕ್ಷಾ ಯಾವಾಗ ಬೇ, ಟೀಚರಮ್ಮ?” ಎಂದು ಮಹಬೂಬಿ ಕಣ್ಣು ಮುಚ್ಚಿದಳು.

ನಿಜ್ವಾದ ಕೋಟೆಯಲ್ಲಿ ಬಾಗಿಲುಗಳ ಮೇಲ್ಗಡೆ ತೂತುಗಳಿವೆ. ದಾಳಿ ಬಂದವರ ತಲೆಯ ಮೇಲೆ ಅಲ್ಲಿಂದ ಕುದಿಯುವ ಖರ್ಜೂರದ ಪಾಕ ಸುರಿಯುತ್ತಿದ್ದರಂತೆ. “ಹಾಳಾದವರು! ಅಷ್ಟ ಪಾಕದಾಗ ಒಂದ ಲಗ್ನದ ಊಟಾ ಆಗ್ತಿತ್ತು,” ಎಂದು ಅವಳು ಮರುಗಿದಳು.

ಕೋಟೆಯಿಂದ ಫಲಜ್ ನೋಡಲು ಹೋದೆವು. ಗುಡ್ಡದ ಬುಡದ ನೀರನ್ನು ಖರ್ಜೂರದ ತೋಟಗಳಿಗೆ ಸರದಿಯಂತೆ ಹಂಚುವ ಹಳೆಯ ಕಾಲುವೆ ಅದು. ಮಹಬೂಬಿ ಅಲ್ಲಿದ್ದ ತೋಟಿಗನಿಗೆ ತನಗೆ ಬರುವ ಅರಬ್ಬಿಯಲ್ಲಿ ಏನೋ ಕೇಳಿದಳು. ಅವನು ಪಿಳಿಪಿಳಿ ನೋಡಿದ. “ನಿನ್ನ ಅರಬ್ಬಿ ಅರಬರಿಗೇ ತಿಳೀವಲ್ದಲ್ಲ ಬೇ!” ಎಂದು ನಾನು ಬಿದ್ದು ಬಿದ್ದು ನಕ್ಕೆ. ಅವಳ ಮುಖ ಕೆಂಪಾಯಿತು. “ಈ ಗೋಡಿಗೆ ಪಾಠಾ ಕಲಿಸ್ಕೋತ ಕುಂದರು!” ಎಂದವಳೇ ಬಜಾರಿನೊಳಗೆ ನುಗ್ಗಿದಳು.

ಹೋಗುವುದಾದರೆ ಹೋಗಲಿ ಎಂದು ನಾನೂ ಬಿಗಿಯಾಗಿ ಕೂತೆ. ಆಮೇಲೆ ನೋಡಿದರೆ ಅವಳ ಫೋನು, ಪಾಸ್‌ಪೋರ್ಟು ಎರಡೂ ನನ್ನ ಚೀಲದಲ್ಲಿ! ಬಸ್ಸಿಗೆ ಅರ್ಧ ತಾಸೂ ಉಳಿದಿರಲಿಲ್ಲ. ಅವಳ ಹಿಂದೆ ಓಡಿದೆ.

ಬಜಾರಿನಲ್ಲಿ ಆಡುಗಳು, ಬೆಳ್ಳಿಯ ಬಾಕುಗಳು, ಹಲ್ವಾ, ಎತ್ತ ನೋಡಿದರೂ ಗಡ್ಡದ ಗಂಡಸರು. “ಮಹಬೂಬೀ!” ಎಂದು ಕೂಗಿದೆ. ಇಡೀ ಸಾಲು ತಿರುಗಿ ನೋಡಿತು. “ಮಹಬೂಬೀ, ಸಿಟ್ಟ ಬಿಡ, ಬಾ!” ಎಂದೆ. ಒಬ್ಬನ ಕೈಯಿಂದ ಹಗ್ಗ ಜಾರಿ ಆಡು ಓಡಿಹೋಯಿತು. ಖರ್ಜೂರ ಮಾರುವ ಮುದುಕನೊಬ್ಬ ಎದೆಯ ಮೇಲೆ ಕೈಯಿಟ್ಟು, “ನಅಮ್?” ಎಂದು ಓಗೊಟ್ಟು, ನನ್ನ ಅಂಗೈಯಲ್ಲೊಂದು ಖರ್ಜೂರ ಇಟ್ಟ. ಬೇಡವೆನ್ನಲಾಗದೆ ತಿಂದೆ. ಚೆನ್ನಾಗಿತ್ತು.

ಅತ್ತರಿನ ಅಂಗಡಿಯ ಹೈದರಾಬಾದಿನವನೊಬ್ಬ ಹೊಟ್ಟೆ ಹಿಡಿದುಕೊಂಡು ನಗುತ್ತ ಓಡಿಬಂದ. “ಅಮ್ಮಾ, ಮಹಬೂಬಿ ಬೋಲೇ ತೋ ಇಧರ್ ‘ಮೇರೇ ಪ್ಯಾರೇ’!” ಎಂದ.

ನನ್ನ ಪ್ರಿಯನೇ! ಅಯ್ಯೋ ನನ್ನ ಕರ್ಮವೇ! ನಮ್ಮ ಕಡೆ ಓಣಿಗೊಬ್ಬ ಮಹಬೂಬಿ ಇದ್ದಾಳೆ, ಆ ಹೆಸರಿನ ಅರ್ಥ ಯಾರಿಗೆ ನೆನಪಿರುತ್ತದೆ? ಓಡಿಹೋಗಬೇಕೆನಿಸಿತು. ಆದರೆ ಅವಳನ್ನು ಪರದೇಶದಲ್ಲಿ ಬಿಟ್ಟು ಹೋಗುವುದೆಲ್ಲಿಗೆ? ಮಾನ ಹೋದದ್ದು ಹೋಯಿತೆಂದು ಮೊದಲಿಗಿಂತ ಜೋರಾಗಿ ಕೂಗಿದೆ. ಅಳು ಬಂದುಬಿಟ್ಟಿತು. ನೋಡನೋಡುತ್ತ ಅರ್ಧ ಬಜಾರು ನನ್ನ ಜತೆ ಕೂಗತೊಡಗಿತು.

“ಬಂದೆ, ಬಾಯಿ ಮುಚ್ಚ ಬೇ! ಮಂದಿ ನಗಾಕತ್ತಾರ!” ಎನ್ನುತ್ತ ಮಹಬೂಬಿ ಪಕ್ಕದ ಗಡಿಗೆಗಳ ರಾಶಿಯ ಹಿಂದಿನಿಂದ ಎದ್ದಳು. ಕೈ ಹಿಡಿದು ಓಡಿದೆವು. ಬಸ್ಸು ಆಗಲೇ ಗುರುಗುಡುತ್ತಿತ್ತು.

ಕೋಟೆಯ ದುಂಡು ಬುರುಜು ಹಿಂದೆ ಸರಿಯಿತು. ರಸ್ತೆಯಂಚಿನಲ್ಲಿ ಆ ಖರ್ಜೂರದ ಮುದುಕ ಕೈಯೆತ್ತಿ, “ಮಹಬೂಬೀ!” ಎಂದ. ನಾನೂ ಕೈ ಬೀಸಿದೆ. ಅವಳು ಪಟ್ಟನೆ ನನ್ನ ಕೈಗೆ ಹೊಡೆದು, “ಅದು ನನ್ನ ಹೆಸರ ಬೇ!” ಎಂದಳು.

ಸ್ವಲ್ಪ ದೂರ ಹೋದ ಮೇಲೆ ಕೇಳಿದೆ: “ಅಷ್ಟ ಹತ್ರ ಕುಂತಾಕಿಗೆ ನನ್ನ ಕೂಗ ಕೇಳಿಸ್ಲಿಲ್ಲೇನ?”

“ಮೊದಲನೇ ಸಲಕ್ಕೇ ಕೇಳಿಸ್ತು.”

“ಮತ್ತ?”

ಅವಳು ಕಿಟಕಿಯತ್ತ ಮುಖ ತಿರುಗಿಸಿದಳು.

“ಹೊಲಿಗಿ ತಡಾ ಆತಂದ್ರ ನನ್ನ ಹೆಸರ ಹಿಡದ ಕೂಗೋರು ಭಾಳ ಮಂದಿ ಅದಾರ. ನಾ ಕಳದೇನಂತ ಅತ್ತು ಕೂಗಿದಾಕಿ ನೀ ಒಬ್ಬಾಕಿ. ಇನ್ನಷ್ಟ ಕೇಳೂಣಂತ ಕುಂತಿದ್ದೆ.”