ವಾದದಲ್ಲಿ ಗೆದ್ದು ಬರುತ್ತಿದ್ದ ಡ್ರೈವರು

ಡಿಪೋದಲ್ಲಿ ಎಲ್ಲರೂ ಅವನನ್ನು ಲೌಡ್‌ಸ್ಪೀಕರ್ ಎಂದೇ ಕರೆಯುತ್ತಿದ್ದರು. ಬಸ್ಸು ಓಡಿಸುವುದು ಅವನ ಕಸುಬು, ತನ್ನ ಪಕ್ಷದ ಪರವಾಗಿ ಗಂಟಲು ಹರಿದುಕೊಳ್ಳುವುದು ಅವನ ಖುಷಿ. ಕ್ಯಾಂಟೀನಿನಲ್ಲಿ ಯಾರಾದರೂ ಪಕ್ಷವನ್ನು ಒಂದು ಮಾತು ಅಂದರೆ ಸಾಕು, ಅವನ ಟೀ ಆರಿ ತಣ್ಣಗಾಗುತ್ತಿತ್ತು.

ಒಂದು ಸಂಜೆ ಅವನ ಬಸ್ಸಿನ ಮುಂದೆ ಸ್ಕೂಟರೊಂದು ಜಾರಿ ಬಿತ್ತು. ಸವಾರನಿಂದ ಗೇಣು ದೂರದಲ್ಲಿ ಚಕ್ರ ನಿಂತಿತು. ಅವನೇನೋ ಬದುಕಿಕೊಂಡ, ಇವನಿಗೆ ಮಾತ್ರ ಸ್ಟೀರಿಂಗ್ ಹಿಡಿದರೆ ಕೈ ನಡುಗಲು ಶುರುವಾಯಿತು. ಮ್ಯಾನೇಜರು ಅವನನ್ನು ಟಿಕೆಟ್ ಕೌಂಟರಿನಲ್ಲಿ ಕೂರಿಸಿ, ಕೌನ್ಸೆಲರ್ ಮೇಡಂ ಹತ್ತಿರ ಕಳಿಸಿದರು. ಮುಂದಿನ ಪರೀಕ್ಷೆಯಲ್ಲಿ ಬಸ್ಸು ಓಡಿಸಿ ತೋರಿಸದಿದ್ದರೆ ಕೊನೆಯವರೆಗೂ ಕೌಂಟರೇ ಗತಿ.

ಮೊದಲ ದಿನವೇ ಮೇಡಂ ಕಣ್ಣು ಅವನ ಅಂಗಿಯ ಮೇಲಿದ್ದ ಪಕ್ಷದ ಬಿಲ್ಲೆಗೆ ಬಿತ್ತು. ಈ ಸಭೆ, ಘೋಷಣೆ, ಸಿಟ್ಟು, ಇವೇ ನಿಮ್ಮ ನೆಮ್ಮದಿ ಕೆಡಿಸಿವೆ ಎಂದರು. ಇವನು ಬಿಟ್ಟಾನೆಯೇ? ಒಂದಕ್ಕೆರಡು ಮಾತಾಡಿದ. ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ ಅದೇ. ಹೊತ್ತು ಹೋದದ್ದೇ ಇಬ್ಬರಿಗೂ ತಿಳಿಯುತ್ತಿರಲಿಲ್ಲ. ಅವನು ಕುಸ್ತಿ ಗೆದ್ದವನ ಹಾಗೆ ಎದೆಯುಬ್ಬಿಸಿಕೊಂಡು ಮನೆಗೆ ಬರುತ್ತಿದ್ದ.

"ಇವತ್ತಂತೂ ಅವರ ಬಾಯಿ ಮುಚ್ಚಿಸಿಬಿಟ್ಟೆ ಕಣೇ."

ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ಆಯ್ತು ರೀ, ಕೈಗೆ ಏನಂದ್ರು?"

ಲೌಡ್‌ಸ್ಪೀಕರು ಅವಳು ಮಡಚಿಟ್ಟಿದ್ದ ಅಂಗಿಯೊಂದನ್ನು ಬಿಚ್ಚಿ ಮತ್ತೆ ಮಡಚತೊಡಗಿದ. ಸ್ಕೂಟರು ಬಿದ್ದ ಆ ಸಂಜೆಯ ವಿಷಯ ಮೇಡಂ ಕೋಣೆಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಮೇಡಂ ಕೇಳಿರಲಿಲ್ಲ, ಕೇಳದಿದ್ದದ್ದೇ ಒಳ್ಳೆಯದಾಯಿತೆಂದು ಇವನೂ ಹಾಯಾಗಿದ್ದ.

ಮರುವಾರ ಹೋದವನೇ ಹೆಂಡತಿಯ ಪ್ರಶ್ನೆಯನ್ನು ಹಾಗೆಯೇ ಮೇಡಂ ಮುಂದಿಟ್ಟ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಪಕ್ಷ ಕಂಡ್ರೆ ನಂಗಾಗಲ್ಲ. ಆ ಸಿಟ್ಟಲ್ಲಿ ನಿಮ್ಮ ಕೈ ಕಡೆ ನೋಡ್ಲೇ ಇಲ್ಲ. ತಪ್ಪು ನಂದು. ಬೇರೆಯವರ ಹತ್ರ ಹೋಗ್ತೀನಿ ಅಂದ್ರೆ ನಾನೇ ಹೇಳಿ ಕಳಿಸ್ತೀನಿ."

"ಅವ್ರು ನಮ್ಮ ಪಕ್ಷದವ್ರೇ ಆಗಿಬಿಟ್ರೆ? ಇಬ್ರೂ ಜೈಕಾರ ಹಾಕ್ತಾ ಕೂತಿರ್ತೀವಿ ಅಷ್ಟೇ. ಬೇಡ ಮೇಡಂ, ನೀವೇ ಕೇಳಿ."

ಅವರು ಕೇಳಿದರು. ಅವನು ಹೇಳಿದ: ಬ್ರೇಕಿನ ಕಿರುಚಾಟ, ಸುಟ್ಟ ರಬ್ಬರಿನ ವಾಸನೆ, ಕಣ್ಣು ಮುಚ್ಚಿಕೊಂಡು ತಾನು ಇನ್ನೇನು ಆಗಿಹೋಯಿತು ಅಂದುಕೊಂಡ ಆ ಗಳಿಗೆ. ಅವನ ದನಿ ಇಷ್ಟು ಮೆತ್ತಗಿರಬಲ್ಲದೆಂದು ಅವನಿಗೇ ಗೊತ್ತಿರಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಮ್ಯಾನೇಜರು ಹಿಂದಿನ ಸೀಟಿನಲ್ಲಿ ಕೂತರು. ಕೈ ನಡುಗಿತು. ನಡುಗಲಿ ಬಿಡಿ, ತಾನಾಗಿ ನಿಲ್ಲುತ್ತದೆ ಎಂದು ಮೇಡಂ ಹೇಳಿಕೊಟ್ಟಿದ್ದರು. ಕಾದ. ನಿಂತಿತು. ಗೇರು ಹಾಕಿದ. ಬಸ್ಸು ಗೇಟು ದಾಟಿ ರಸ್ತೆಗಿಳಿಯಿತು. ಬೆಳಗಿನ ಬೀದಿಯೆಲ್ಲ ಗಾಜಿನ ತುಂಬ ಓಡೋಡಿ ಬರುತ್ತಿದ್ದರೆ, ಮ್ಯಾನೇಜರು ವಾಪಸ್ ತಿರುಗಿಸು ಎಂದದ್ದು ಅವನಿಗೆ ಎರಡನೇ ಸಲಕ್ಕೆ ಕೇಳಿಸಿತು.