ಅವರೆಕಾಯಿ ಪಿರಿಯಡ್

ಈಗ ಬನಶಂಕರಿಯ ನಮ್ಮ ಫ್ಲ್ಯಾಟಿಗೆ ಅವರೆಕಾಳು ಬಿಡಿಸಿಕೊಂಡೇ ಬರುತ್ತದೆ. ಮೊಬೈಲಿನಲ್ಲಿ ಒತ್ತಿದರೆ ಸಾಕು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸ್ನಾನ ಮಾಡಿಸಿದ ಮಗುವಿನ ಹಾಗೆ ಬಂದು ಕೂರುತ್ತದೆ. ಸೊಗಡು ಮಾತ್ರ ಇರುವುದಿಲ್ಲ. ಮೊನ್ನೆ ಭಾನುವಾರ ಸಂಜೆ ಹಟ ಹಿಡಿದು ಮಾರ್ಕೆಟ್ಟಿಗೆ ಹೋಗಿ, ಸಿಪ್ಪೆ ಸಮೇತ ಒಂದು ಚೀಲ ಹೊತ್ತು ತಂದೆ. ಊಟದ ಮೇಜಿನ ಮೇಲೆ ಸುರಿದು ಮೊದಲ ಕಾಯಿ ಬಿಡಿಸಿದ್ದೇ ತಡ, ಬೆರಳಿಗೆ ಆ ಅಂಟು, ಮೂಗಿಗೆ ಆ ವಾಸನೆ... ಬೇರೆಯವರಿಗೆ ಅವರೆಕಾಯಿ ಅಂದರೆ ಅಡುಗೆಮನೆ ನೆನಪಾಗುತ್ತದೆ. ನನಗೆ ನೆನಪಾಗುವುದು ಒಂಬತ್ತನೇ ಕ್ಲಾಸಿನ ಕನ್ನಡ ಮಿಸ್.

ಜಯನಗರದ ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆಗೆ ಅವರು ಆ ವರ್ಷವಷ್ಟೇ ಬಂದಿದ್ದರು. ಗದಗದ ಕಡೆಯವರು, ಬಿಟಿಎಂನಲ್ಲಿ ಬಾಡಿಗೆ ಮನೆ. ಎತ್ತರದ ಆಳು, ಬಿಗಿಯಾಗಿ ಹೆಣೆದ ಜಡೆ, ಹೆಗಲಿಗೆ ಯಾವಾಗಲೂ ಒಂದು ದೊಡ್ಡ ಬಟ್ಟೆ ಚೀಲ. ಅದರಲ್ಲಿ ಉತ್ತರಪತ್ರಿಕೆಗಳಿರುತ್ತವೆ ಎಂದು ನಾವು ತಿಳಿದಿದ್ದೆವು. ಪಾಪ, ಮಕ್ಕಳು.

ವಾರದ ಕೊನೆಯ ಪಿರಿಯಡ್ ಕನ್ನಡ ಮೌಖಿಕ. ನಾವು ಎದ್ದು ನಿಂತು ಏನಾದರೂ ಮಾತಾಡಬೇಕು, ಮಿಸ್ ಕೇಳಿ ಅಂಕ ಕೊಡಬೇಕು. ಮೊದಲ ವಾರವೇ ಅವರು ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ಚೀಲದಿಂದ ಹುರುಳಿಕಾಯಿ ಸುರಿದು ನಾರು ತೆಗೆಯತೊಡಗಿದರು. ನಾವು ಮಿಕಮಿಕ ನೋಡಿದೆವು.

“ನೋಡ್ರಪಾ, ಖಾಲಿ ಕುಂತು ನಿಮ್ಮ ಮಾತು ಯಾರೂ ಕೇಳಂಗಿಲ್ಲ. ಎಲ್ಲಾರೂ ಕೆಲಸ ಮಾಡ್ಕೋತನ ಕೇಳ್ತಾರ. ಅವರ ಕೈ ನಿಂದ್ರಬೇಕು, ಹಂಗ ಮಾತಾಡ್ರಿ,” ಎಂದರು.

ನಿಯಮ ಅಷ್ಟೇ. ಮಿಸ್ ಕೈ ನಿಂತರೆ ಗೆದ್ದ ಹಾಗೆ. ಆಗ ಅವರು ಭೇಷ್ ಅನ್ನುತ್ತಿರಲಿಲ್ಲ, ಚಪ್ಪಾಳೆ ತಟ್ಟಿಸುತ್ತಿರಲಿಲ್ಲ. ಕೈಯಲ್ಲಿದ್ದುದನ್ನು ಪೇಪರಿನ ಮೇಲೆ ಇಟ್ಟು, “ಆತು ಬಿಡು, ಇವತ್ತ ನಮ್ಮ ಮನ್ಯಾಗ ಊಟ ತಡ,” ಅನ್ನುತ್ತಿದ್ದರು. ಆ ಒಂದು ಮಾತಿಗಾಗಿ ಇಡೀ ಕ್ಲಾಸು ಬಾಯಿ ಬಾಯಿ ಬಿಡುತ್ತಿತ್ತು.

ಸ್ಟಾಫ್ ರೂಮಿನಲ್ಲಿ ಇದಕ್ಕೆ ಬೇರೆ ಅರ್ಥ ಕಟ್ಟಿದ್ದರು. ಸಂಬಳ ತೆಗೆದುಕೊಂಡು ಮನೆಗೆಲಸ ಮುಗಿಸಿಕೊಳ್ಳುತ್ತಾರೆ ಅಂತ. ಅದೂ ಪೂರ್ತಿ ಸುಳ್ಳಲ್ಲ ಬಿಡಿ. ಬಸ್ಸು ಹಿಡಿದು ಮನೆ ಸೇರುವಷ್ಟರಲ್ಲಿ ಕತ್ತಲಾಗುತ್ತಿತ್ತು, ಮನೆಯಲ್ಲಿ ಚಿಕ್ಕ ಮಕ್ಕಳು ಹಸಿದಿರುತ್ತಿದ್ದವು. ಒಂದು ವಾರ ಮೆಂತ್ಯ ಸೊಪ್ಪು, ಒಂದು ವಾರ ಬೆಳ್ಳುಳ್ಳಿ. ಸಾಂಬಾರ್ ಈರುಳ್ಳಿ ತಂದ ವಾರ, ಹುಡುಗನೊಬ್ಬ ನಗೆಯ ಕಥೆ ಹೇಳುತ್ತಿದ್ದರೂ ಮುಂದಿನ ಬೆಂಚಿನವರೆಲ್ಲ ಕಣ್ಣು ಮೂಗು ಒರೆಸಿಕೊಳ್ಳುತ್ತಾ ಕೇಳಿದೆವು.

ಚಳಿಗಾಲ ಬಂದಾಗ ಮಿಸ್‌ಗೆ ಅವರೆಕಾಯಿ ಹುಚ್ಚು ಹಿಡಿಯಿತು. ಅವರ ಮನೆ ಓನರ್ ಆಂಟಿ ಬಿಟಿಎಂ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲೇ ಹೊಲ ಉಳುತ್ತಿದ್ದ ಮನೆತನದವರು, ಅವರೇ ರುಚಿ ಹತ್ತಿಸಿದ್ದು. ಜೋಳದ ರೊಟ್ಟಿಯ ಸೀಮೆಯಿಂದ ಬಂದ ಮಿಸ್ ಆ ಸೊಗಡಿಗೆ ಮನಸೋತುಬಿಟ್ಟರು. ವಾರ ವಾರವೂ ಅವರೆಕಾಯಿಯೇ. ಒಮ್ಮೊಮ್ಮೆ ಕಾಯಿಯೊಳಗಿನ ಹಸಿರು ಹುಳು ಮೊದಲ ಬೆಂಚಿಗೆ ಇಳಿದು, ನೋಟ್ ಪುಸ್ತಕದ ಮೇಲೆ ನಿಧಾನವಾಗಿ ವಾಕಿಂಗ್ ಹೋಗುತ್ತಿತ್ತು. ಆ ಪಿರಿಯಡ್ಡಿಗೆ ಅವರೆಕಾಯಿ ಪಿರಿಯಡ್ ಎಂದೇ ಹೆಸರಾಯಿತು.

ನನ್ನ ಗೋಳು ಹೇಳುತ್ತೇನೆ ಕೇಳಿ. ನಾನು ಕ್ಲಾಸಿಗೇ ಫಸ್ಟ್. ‘ಮಾನವನು ಸಂಘಜೀವಿಯಾಗಿದ್ದಾನೆ’ ಎಂದು ಶುರು ಮಾಡಿದೆನೆಂದರೆ ಕೊನೆಯ ಪೂರ್ಣವಿರಾಮದ ತನಕ ತಡವರಿಸಿದವಳಲ್ಲ. ಅಷ್ಟು ಚೆನ್ನಾಗಿ ಉರು ಹೊಡೆಯುತ್ತಿದ್ದೆ. ಆದರೆ ನಾನು ಬಾಯಿ ತೆರೆದರೆ ಮಿಸ್ ಕೈ ನಿಲ್ಲುವುದಿರಲಿ, ಇನ್ನೂ ಚುರುಕಾಗುತ್ತಿತ್ತು. ಒಮ್ಮೆ ಅವರೇ ಮೆಚ್ಚಿಕೊಂಡರು: “ನೀ ಮಾತಾಡಿದ್ರ ಕೆಲಸ ಭಾಳ ಚಲೋ ಸಾಗ್ತೈತಿ ನೋಡವ್ವಾ.”

ಹಿಂದಿನ ಬೆಂಚಿನಲ್ಲೊಬ್ಬನಿದ್ದ. ಕನ್ನಡದಲ್ಲಿ ಒತ್ತಕ್ಷರ ಕಂಡರೆ ಬೆವರುವವನು. ಅವನು ಎದ್ದು ನಿಂತು, “ಮಿಸ್, ನಮ್ಮಮ್ಮ ನಿನ್ನೆ ಪೊಲೀಸ್ ಲಾರಿ ಹಿಂದೆ ಓಡಿದ್ರು,” ಎಂದ. ಅಷ್ಟಕ್ಕೇ ಮಿಸ್ ಕೈ ನಿಧಾನವಾಯಿತು. ಫೋರ್ತ್ ಬ್ಲಾಕಿನಲ್ಲಿ ನೋ ಪಾರ್ಕಿಂಗ್ ಅಂತ ಸ್ಕೂಟರನ್ನು ಲಾರಿಗೆ ಹೇರಿಕೊಂಡು ಹೋಗುತ್ತಿದ್ದರಂತೆ, ಸ್ಕೂಟರಿನ ಮುಂದಿನ ಕೊಕ್ಕೆಯಲ್ಲಿ ಆಗ ತಾನೇ ಇಸ್ತ್ರಿ ಮಾಡಿಸಿದ ಅಪ್ಪನ ಪ್ಯಾಂಟಿತ್ತಂತೆ. ಅಮ್ಮ, “ಗಾಡಿ ಬೇಕಾದ್ರೆ ಇಟ್ಕೊಳ್ಳಿ ಸಾರ್, ಪ್ಯಾಂಟ್ ಕೊಡಿ, ನಾಳೆ ಅವರಿಗೆ ಮದುವೆ ಇದೆ,” ಎಂದು ಕೂಗುತ್ತಾ ಓಡಿದರಂತೆ. ರಸ್ತೆಯಲ್ಲಿದ್ದವರೆಲ್ಲ ತಿರುಗಿ, ಈ ಯಮ್ಮ ಗಂಡನಿಗೆ ಇನ್ನೊಂದು ಮದುವೆ ಮಾಡಿಸುತ್ತಿದ್ದಾಳಲ್ಲ ಎಂದು ನೋಡಿದರಂತೆ. ಮಿಸ್ ಕೈಯಲ್ಲಿದ್ದ ಅವರೆಕಾಯಿ ಅರ್ಧ ತೆರೆದು ಹಾಗೇ ನಿಂತಿತ್ತು. ಅವನಿಗೆ ‘ಊಟ ತಡ’ ಸಿಕ್ಕಿತು. ನನಗೆ ಹೊಟ್ಟೆ ಉರಿದುಹೋಯಿತು.

ಇನ್ನು ಸುಮ್ಮನಿದ್ದರೆ ಆಗದು ಎಂದು ನಾನು ಮುಂದಿನ ವಾರ ನಮ್ಮ ಅಜ್ಜಿಯನ್ನು ಸಾಯಿಸಿದೆ. ಕಥೆಯಲ್ಲಿ ಕಣ್ರೀ. ದಿನಾ ಮಧ್ಯಾಹ್ನ ಹನುಮಂತನಗರದಿಂದ ಬಸ್ಸಿನಲ್ಲಿ ನನಗೆ ಬಿಸಿ ಊಟದ ಡಬ್ಬಿ ತರುತ್ತಿದ್ದ ಗಟ್ಟಿ ಮುದುಕಿ ಆಕೆ. ಅವಳನ್ನು ಮಂಚದ ಮೇಲೆ ಮಲಗಿಸಿದೆ, ದೀಪ ಆರಿಸಿದೆ, ‘ಅಜ್ಜಿಯ ಪ್ರಾಣಪಕ್ಷಿಯು ಹಾರಿಹೋಯಿತು’ ಎಂದು ದನಿ ನಡುಗಿಸಿದೆ. ಪಕ್ಕದ ಹುಡುಗಿ ಬಿಕ್ಕಿದಳು. ಮಿಸ್ ಕೈ ಮಾತ್ರ ಚಟಚಟ ನಡೆದೇ ಇತ್ತು.

“ಈ ಕಾಯಿ ಆರಿಸಿ ಕೊಟ್ಟವರ ನಿಮ್ಮ ಅಜ್ಜಿ. ನಿನ್ನೆ ಸಂಜಿಮುಂದ ಮಾರ್ಕೆಟ್ಟಿನ್ಯಾಗ ಸಿಕ್ಕಿದ್ರು,” ಎಂದರು.

ಕ್ಲಾಸು ನಕ್ಕ ನಗೆಗೆ ಪಕ್ಕದ ಕ್ಲಾಸಿನ ಗಣಿತದ ಸಾರ್ ಬಂದು ಇಣುಕಿ ಹೋದರು. ನನಗೆ ಅಂಕವೂ ಬೀಳಲಿಲ್ಲ, ಮಾನವೂ ಉಳಿಯಲಿಲ್ಲ.

ರಿಪೋರ್ಟ್ ಕಾರ್ಡ್ ನೋಡಿ ಅಮ್ಮ ಕೆಂಡವಾದಳು. “ಫಸ್ಟ್ ಬರೋ ಹುಡುಗಿಗೆ ಮಾತಾಡೋಕೆ ಬರಲ್ಲ ಅಂತ ತರಕಾರಿ ಬಿಡಿಸೋರು ಹೇಳ್ಬೇಕಾ?” ಎಂದವಳೇ ಮರುದಿನ ಹೆಡ್ ಮೇಡಂ ಮುಂದೆ ಹೋಗಿ ಕೂತಳು. ಊಟದ ಹೊತ್ತಿಗೆ ನನಗೂ ಕರೆ ಬಂತು. ಹೋಗಿ ನೋಡಿದರೆ, ಮೇಜಿನ ಮೇಲೆ ಸಾಕ್ಷಿಯಂತೆ ಅವರೆಕಾಯಿ ಚೀಲ. ಒಂದು ಕಡೆ ಅಮ್ಮ, ಇನ್ನೊಂದು ಕಡೆ ಮಿಸ್. ಡಬ್ಬಿ ತಂದಿದ್ದ ಅಜ್ಜಿಯೂ ನನ್ನ ಹಿಂದೆಯೇ ಒಳಗೆ ಬಂದು ಕುರ್ಚಿ ಎಳೆದುಕೊಂಡಳು. ಹೆಡ್ ಮೇಡಂ ತಲೆ ಎತ್ತದೆ ಕಾರ್ಡುಗಳಿಗೆ ಸಹಿ ಹಾಕುತ್ತಲೇ ಮಾತಾಡುತ್ತಿದ್ದರು.

“ನೀವಿನ್ನೂ ಟೆಂಪರರಿ. ಕ್ಲಾಸ್ ರೂಮ್ ಅಡುಗೆಮನೆ ಆಗೋದಾದ್ರೆ ಮುಂದಿನ ವರ್ಷ ನಿಮ್ಮನ್ನ ಇಟ್ಕೊಳ್ಳೋದು ಕಷ್ಟ. ಏನಾಯ್ತು ಅಂತ ಹುಡುಗೀನೇ ಹೇಳ್ಲಿ.”

ಅಷ್ಟರಲ್ಲಿ ಅಜ್ಜಿ, “ಅಯ್ಯೋ, ಕಾಯಿ ಸುಮ್ನೆ ಬಾಡ್ತಾ ಇದೆಯಲ್ಲ,” ಎಂದು ಚೀಲ ತೊಡೆಯ ಮೇಲಿಟ್ಟುಕೊಂಡು ಬಿಡಿಸಲು ಕೂತಳು. ಅಮ್ಮ ಕಣ್ಣಲ್ಲೇ ಗದರಿದಳು, ಅಜ್ಜಿ ನೋಡಬೇಕಲ್ಲ. ಹಿರಿಯರೊಬ್ಬರೇ ಬಿಡಿಸುವುದನ್ನು ನೋಡಲಾರದೆ ಮಿಸ್ ಕೂಡ ಒಂದು ಹಿಡಿ ತೆಗೆದುಕೊಂಡರು. ಹೆಡ್ ಮೇಡಂ ಸಹಿ ಹಾಕುತ್ತಲೇ ಇದ್ದರು.

ಅಮ್ಮ ಹೇಳಿಕೊಟ್ಟ ಮಾತುಗಳು ನನಗೆ ಬಾಯಿಪಾಠವಾಗಿದ್ದವು. ‘ಮಾನ್ಯ ಮುಖ್ಯೋಪಾಧ್ಯಾಯಿನಿಯವರೇ’ ಎಂದು ಶುರುವಾಗಬೇಕು. ಅದನ್ನು ಒಪ್ಪಿಸಿದರೆ ಮಿಸ್ ಕೆಲಸ ಹೋಗುತ್ತದೆ ಎಂಬುದು ಗೊತ್ತಾಯಿತು. ಮಿಸ್ ಹೋದರೆ ಅವರ ಕೈ ನಿಲ್ಲಿಸುವುದು ಈ ಜನ್ಮದಲ್ಲಿ ನನ್ನಿಂದ ಆಗುವುದಿಲ್ಲ ಎಂಬುದೂ ಗೊತ್ತಾಯಿತು. ನಿಜ ಹೇಳುತ್ತೇನೆ, ಎರಡನೆಯದಕ್ಕೇ ನನಗೆ ಅಳು ಬಂದದ್ದು.

“ಮೇಡಂ, ನಾನು ಅಜ್ಜೀನ ಸಾಯಿಸ್ಬಿಟ್ಟೆ,” ಎಂದೆ.

ಹೆಡ್ ಮೇಡಂ ಪೆನ್ನು ನಿಂತಿತು.

ಆಮೇಲೆ ನಾನು ಹೇಗೆ ಮಾತಾಡಿದೆನೋ ನನಗೇ ಗೊತ್ತಿಲ್ಲ. ಪ್ಯಾಂಟಿನ ಕಥೆ ಕೇಳಿ ನನ್ನ ಹೊಟ್ಟೆ ಉರಿದದ್ದು, ಏನು ಉರು ಹೊಡೆದರೂ ಮಿಸ್ ಕೈ ನಿಲ್ಲದೆ ಮನೆಯಲ್ಲಿ ಕನ್ನಡಿ ಮುಂದೆ ಅತ್ತದ್ದು, ಅಜ್ಜಿಗೆ ಯಾವ ಕಾಯಿಲೆ ಬರಿಸಲಿ ಎಂದು ಇಡೀ ಭಾನುವಾರ ಯೋಚಿಸಿದ್ದು, ಕಡೆಗೆ ಪಕ್ಷಿ ಹಾರಿಸುವಷ್ಟರಲ್ಲಿ ಸತ್ತ ಅಜ್ಜಿ ಮಾರ್ಕೆಟ್ಟಿನಲ್ಲಿ ಸಿಕ್ಕಿದ್ದು... ಮನೆಯಲ್ಲಿ ಜಗಳ ಆಡುವ ಹಾಗೆ, ಮೂಗು ಒರೆಸಿಕೊಳ್ಳುತ್ತಾ ಎಲ್ಲ ಹೇಳಿದೆ. “ಮಿಸ್‌ನ ಕಳಿಸ್ಬೇಡಿ ಮೇಡಂ, ನಂಗಿನ್ನೂ ಊಟ ತಡ ಸಿಕ್ಕಿಲ್ಲ,” ಎಂದು ನಿಲ್ಲಿಸಿದೆ.

ಅಜ್ಜಿಯೇ ಮೊದಲು ಬಾಯಿ ಬಿಟ್ಟಳು. “ಅದ್ಸರಿ ಕಣೇ, ನಾನು ಜಾಸ್ತಿ ನೋವು ಪಟ್ನಾ, ಇಲ್ಲ ಸುಮ್ನೆ ಹೋಗ್ಬಿಟ್ನಾ?”

ಹೆಡ್ ಮೇಡಂ ನಗು ತಡೆಯಲಾರದೆ ಕರ್ಚೀಫು ಹುಡುಕಿದರು. ಅಮ್ಮನೂ ಸೆರಗು ಬಾಯಿಗಿಟ್ಟುಕೊಂಡಳು. ನಾನು ಯಾರನ್ನೂ ನೋಡಲಿಲ್ಲ, ಮಿಸ್ ಕೈಯನ್ನಷ್ಟೇ ನೋಡಿದೆ. ಅಂಗೈಯಲ್ಲಿ ಒಂದು ಕಾಯಿ, ತೆರೆಯದೆ ಹಾಗೇ ಇತ್ತು. ಅವರ ಕಣ್ಣು ತುಂಬಿತ್ತು.

“ಆತು ಬಿಡವ್ವಾ,” ಎಂದರು. “ಇವತ್ತ ನಮ್ಮ ಮನ್ಯಾಗ ಊಟ ತಡ.”

ಮಿಸ್ ಉಳಿದರು. ಇನ್ನು ಮೇಲೆ ಕ್ಲಾಸಿಗೆ ತರಕಾರಿ ತರಕೂಡದು ಎಂದು ಹೆಡ್ ಮೇಡಂ ಆಜ್ಞೆಯಾಯಿತು. ಹೂವಿನ ವಿಷಯ ಅವರು ಎತ್ತಿರಲಿಲ್ಲ. ಮರುವಾರ ಮಿಸ್ ಒಂದು ಬುಟ್ಟಿ ಕಾಕಡ ತಂದು ಕಟ್ಟುತ್ತಾ ಕೂತರು.

ಹೋದ ವರ್ಷ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಮಿಸ್ ಹೋದರೆಂದು ಸುದ್ದಿ ಬಂತು. ಸಾಲು ಸಾಲು ಕೈ ಮುಗಿದ ಚಿತ್ರಗಳು. ಅವರಿಂದ ಮಾತು ಕಲಿತ ನಮ್ಮಲ್ಲಿ ಒಬ್ಬರಾದರೂ ಒಂದು ಮಾತು ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಏನು ಬರೆದರೂ ‘ಪ್ರಾಣಪಕ್ಷಿ’ಯ ಹಾಗೆ ಕೇಳಿಸುತ್ತಿತ್ತು...

ಮೊನ್ನೆ ಭಾನುವಾರ ಇದನ್ನೆಲ್ಲ ಮಗಳಿಗೆ ಹೇಳುತ್ತಿದ್ದೆ. ಅವಳೂ ಈಗ ಒಂಬತ್ತನೇ ಕ್ಲಾಸು. ಅವಳ ಶಾಲೆಯಲ್ಲಿ ಮಾತಾಡುವುದಕ್ಕೂ ಸ್ಲೈಡ್ ಮಾಡಿಕೊಂಡು ಹೋಗಬೇಕಂತೆ. ಎದುರು ಕೂತು ಒಂದು ಕೈಯಲ್ಲಿ ಮೊಬೈಲು ತಳ್ಳುತ್ತಾ, “ಹೂಂ, ಕೇಳಿಸ್ಕೋತಾ ಇದೀನಿ ಹೇಳು,” ಅನ್ನುತ್ತಿದ್ದಳು. ಮಕ್ಕಳು ಹಾಗೆಂದರೆ ಕೇಳಿಸಿಕೊಳ್ಳುತ್ತಿಲ್ಲ ಅಂತಲೇ ಅರ್ಥ. ನಾನೂ ಅವರೆಕಾಯಿ ಬಿಡಿಸುತ್ತಾ ನನ್ನ ಪಾಡಿಗೆ ಹೇಳಿಕೊಂಡು ಹೋದೆ.

ವಾಟ್ಸಾಪ್ ಸುದ್ದಿಯ ಹತ್ತಿರ ಬರುವಾಗ ಮಾತು ಮುಂದೆ ಹೋಗಲಿಲ್ಲ. ತಲೆ ಎತ್ತಿದೆ. ಅವಳ ಮೊಬೈಲು ಮೇಜಿನ ಮೇಲೆ ಬೋರಲಾಗಿ ಬಿದ್ದಿತ್ತು. ಯಾವಾಗ ಇಟ್ಟಳೋ ನಾನು ನೋಡಿರಲಿಲ್ಲ. ನನ್ನ ಮುಂದಿನ ರಾಶಿಯೂ ಅರ್ಧಕ್ಕರ್ಧ ಹಾಗೇ ಉಳಿದಿತ್ತು.

ಹಾಲಿನಿಂದ ನಮ್ಮವರು ಕೂಗಿ ಕೇಳಿದರು, ಅಡುಗೆ ಎಲ್ಲಿಗೆ ಬಂತು ಅಂತ. ಮಗಳೇ ಉತ್ತರ ಕೊಟ್ಟಳು.

“ಅಪ್ಪಾ, ಇವತ್ತು ನಮ್ಮನೇಲಿ ಊಟ ತಡ.”